ಜೀಪಿನ ಬಾಗಿಲು ಕಳಚಿದ ನಾಲ್ಕು ಮುಂಜಾನೆ

ನಮ್ಮ ಜೀಪಿನ ಎಡಗಡೆ ಬಾಗಿಲನ್ನು ಹೋದ ಮಳೆಗಾಲದಲ್ಲಿ ಒಂದು ಸಲ ಜೋರಾಗಿ ಹಾಕಿದ್ದೆ. ಆಮೇಲೆ ಅದು ತೆರೆಯಲೇ ಇಲ್ಲ. ಹತ್ತು ತಿಂಗಳು ನನ್ನ ಹೆಂಡತಿ ಡ್ರೈವರ್ ಕಡೆಯಿಂದಲೇ ಹತ್ತಿದಳು. ಗೇರ್ ಲಿವರ್ ದಾಟಬೇಕು, ಅದರ ಪಕ್ಕದ ಫೋರ್ ವೀಲ್ ಲಿವರ್ ದಾಟಬೇಕು, ನಡುವೆ ಎಲ್ಲೋ ಸೀರೆ ಸಿಕ್ಕಿಕೊಳ್ಳಬೇಕು, ನನಗೆ ಒಂದೆರಡು ಮಾತು ಬೀಳಬೇಕು, ಆಮೇಲೆ ಗಾಡಿ ಹೊರಡಬೇಕು. ಬಲಗಡೆಯ ಬಾಗಿಲು ತೆರೆಯುತ್ತಿತ್ತು. ಆದರೆ ಹಾಕುವಾಗ ಎರಡೂ ಕೈಯಲ್ಲಿ ಎಮ್ಮೆ ಕರುವನ್ನು ಎತ್ತಿದಂತೆ ಎತ್ತಿ ಹಾಕಬೇಕಿತ್ತು. ಅಷ್ಟು ಜೋತು ಬಿದ್ದಿತ್ತು.

ಗಾಡಿ ಮಹೀಂದ್ರ ಎಂಎಂ 540, 1992ರದ್ದು. ಔರಾದ್ ಕಡೆಯ ಸಂಬಂಧಿಕರೊಬ್ಬರು ಹೊಲಕ್ಕೆ ಓಡಿಸುತ್ತಿದ್ದರು, ಅವರಿಂದ ನನಗೆ ಬಂತು. ಪ್ಯೂಜೊ ಡೀಸೆಲ್ ಎಂಜಿನ್, 2112 ಸಿಸಿ. ಚಳಿಗಾಲದಲ್ಲಿ ಸ್ವಲ್ಪ ಮುನಿಸು, ಮಿಕ್ಕಂತೆ ತಕರಾರಿಲ್ಲ. ತಕರಾರೆಲ್ಲ ಮೇಲಿನ ತಗಡಿನದು. ಇದು ಬರುವಾಗ ಬಟ್ಟೆಯ ಹುಡ್ ಇದ್ದ ಗಾಡಿ. ಟಿನ್ ಟಾಪು, ಉಕ್ಕಿನ ಬಾಗಿಲು ಎಲ್ಲ ಆಮೇಲೆ ಯಾವುದೋ ಶೆಡ್ಡಿನಲ್ಲಿ ಕೂರಿಸಿದ್ದು. ಹಾಗಾಗಿ ಯಾವ ಪುಸ್ತಕದಲ್ಲೂ ಇದರ ಚಿತ್ರ ಇಲ್ಲ. ಮಾಡಿದವನ ತಲೆಯಲ್ಲಿ ಏನಿತ್ತು ಅಂತ ಕಬ್ಬಿಣ ನೋಡಿಯೇ ಊಹಿಸಬೇಕು. ಜೀಪಿನ ಬಾಡಿಯ ಮೂಲ ಬೋಲ್ಟುಗಳು ಅಮೆರಿಕದ ಜೀಪಿನ ಕಾಲದಿಂದ ಬಂದ ಇಂಚಿನ ಅಳತೆಯವು. ಶೆಡ್ಡಿನವನು ಹಾಕಿದ್ದೆಲ್ಲ ಮಿಲಿಮೀಟರಿನವು. ಒಂದೇ ಗಾಡಿಗೆ ಎರಡು ಪಾನಾ ಸೆಟ್ಟು ಬೇಕು.

ಮೊದಲು ಒಂದು ಗ್ಯಾರೇಜಿಗೇ ಹೋಗಿದ್ದೆ. ಅಲ್ಲಿಯವನು ಕಬ್ಜಾ ನೋಡಿದ. ನಮ್ಮ ಕಡೆ ಹಿಂಜ್‌ಗೆ ಕಬ್ಜಾ ಅಂತಲೇ ಅನ್ನುತ್ತಾರೆ. ಉಗುರಿನಿಂದ ಒಮ್ಮೆ ಕೆರೆದ. 'ಪೂರಾ ಜಂಗ್ ಹಿಡದದ್ರಿ. ಗ್ಯಾಸ್ ಕಟರ್ ಹಚ್ಚಿ ಹಾರಸ್ತೀನಿ, ಹೊಸಾ ಬಾಗಲಾ ಕೂಡಸ್ತೀನಿ' ಅಂದ. ಅವನಿಗೆ ಅದು ಒಂದು ತಾಸಿನ ಕೆಲಸ. ನನಗೆ ಮಾತ್ರ ಮನಸ್ಸಾಗಲಿಲ್ಲ. ಬಾಗಿಲಿನ ಚೌಕಟ್ಟು ಗಟ್ಟಿಯಿತ್ತು, ಕೊಳೆತದ್ದು ಕೆಳಗಿನ ನಾಲ್ಕು ಬೆರಳಷ್ಟೇ. ಕಳಚಿ ಕೊಟ್ಟರೆ ವೆಲ್ಡಿಂಗಿನವನು ತುಂಡು ಹಾಕಿ ಕೊಡುತ್ತಾನೆ. ಕಳಚುವುದು ನಾನೇ ಮಾಡೋಣ, ಎಷ್ಟಿದ್ದೀತು, ಹನ್ನೆರಡು ಸ್ಕ್ರೂ ಅಲ್ವಾ ಅಂದುಕೊಂಡೆ. ಒಂದು ಕಬ್ಜಾಕ್ಕೆ ಮೂರು, ಬಾಗಿಲಿಗೆ ಎರಡು ಕಬ್ಜಾ, ಎರಡು ಬಾಗಿಲು. ಭಾನುವಾರ ಮಧ್ಯಾಹ್ನದ ಊಟಕ್ಕೆ ಮುಗಿಯುತ್ತದೆ ಅಂತ ಮನೆಯಲ್ಲಿ ಹೇಳಿಯೂ ಬಿಟ್ಟೆ.

ಮೇ ತಿಂಗಳು. ಬೀದರ್ ಎತ್ತರದಲ್ಲಿದೆ, ಕಲಬುರಗಿಯಷ್ಟು ಕಾಯುವುದಿಲ್ಲ ಅಂತ ನಾವು ಹೆಮ್ಮೆ ಪಡುತ್ತೇವೆ. ಆದರೂ ಹತ್ತು ಗಂಟೆಯ ಮೇಲೆ ಜೀಪಿನ ತಗಡು ಮುಟ್ಟಿದರೆ ಕೈ ಸುಡುತ್ತದೆ. ಬೆಳಗ್ಗೆ ಆರಕ್ಕೆ ಶುರು ಮಾಡಿ ಹತ್ತಕ್ಕೆ ಬಿಡುವುದು ಅಂತಾಯಿತು.

ಮೊದಲ ಮುಂಜಾನೆ ಪೂರ್ತಿ ಎಡ ಬಾಗಿಲು ತೆರೆಯುವುದಕ್ಕೇ ಹೋಯಿತು. ತೆರೆಯದೆ ಕಬ್ಜಾದ ಸ್ಕ್ರೂ ಕೈಗೆ ಸಿಗುವುದಿಲ್ಲ. ಒಳಗಿನ ಹಾರ್ಡ್‌ಬೋರ್ಡ್ ತೆಗೆದರೆ ಲಾಕ್ ಸಿಗುತ್ತದೆ. ಆದರೆ ಸರಿಸುವ ಗಾಜು ಅರ್ಧದಲ್ಲಿ ನಿಂತಿತ್ತು, ಬೋರ್ಡಿನ ಮೇಲಿನ ಎರಡು ಸ್ಕ್ರೂ ಅದರ ಹಿಂದೆ. ಗಾಜಿನ ಚಾನೆಲ್ಲಿಗೆ ಡಬ್ಲ್ಯೂಡಿ-40 ಅನ್ನುವ ಜಂಗು ಬಿಡಿಸುವ ಎಣ್ಣೆ ಹೊಡೆದೆ, ಕಾದೆ, ಮತ್ತೆ ಹೊಡೆದೆ. ಅಲುಗಲಿಲ್ಲ. ಅರ್ಧ ಡಬ್ಬಿ ಖಾಲಿಯಾದ ಮೇಲೆ ಚಾನೆಲ್ಲಿನಿಂದ ಒಂದು ಚೂರು ಕಿತ್ತು ಬೆರಳಲ್ಲಿ ಹಿಸುಕಿದೆ. ಅದು ತುಕ್ಕಲ್ಲ, ಮಣ್ಣು!

ನಮ್ಮೂರಿನ ತಾಪತ್ರಯವೇ ಇದು. ಬೀದರ್ ಕೂತಿರುವುದು ಜಂಬಿಟ್ಟಿಗೆಯ ಮೇಲೆ. ಆ ಕಲ್ಲಿಗೆ ಕೆಂಪು ಬಂದಿರುವುದೇ ಕಬ್ಬಿಣದ ತುಕ್ಕಿನಿಂದ. ಹಾಗಾಗಿ ಗಾಡಿಯ ಮೇಲೆ ಕೂತ ಧೂಳಿಗೂ ಗಾಡಿಯ ತುಕ್ಕಿಗೂ ಬಣ್ಣದಲ್ಲಿ ವ್ಯತ್ಯಾಸವೇ ಕಾಣುವುದಿಲ್ಲ. ಯಾವುದು ಮಣ್ಣು, ಯಾವುದು ಜಂಗು ಅಂತ ಕೆರೆದು ನೋಡಿಯೇ ತಿಳಿಯಬೇಕು. ಮಣ್ಣಿಗೆ ಎಣ್ಣೆ ಹಾಕಿದರೆ ಅದು ಇನ್ನೂ ಅಂಟಾಗುತ್ತದೆ. ಒಂದು ಚೊಂಬು ನೀರಿಗೆ ಒಂದು ಚಮಚ ಬಟ್ಟೆ ಸೋಪಿನ ಪುಡಿ ಹಾಕಿ ಚಾನೆಲ್ಲಿಗೆ ಸುರಿದೆ. ಚಹಾ ಕುಡಿದು ಬರುವಷ್ಟರಲ್ಲಿ ಗಾಜು ಒಂದು ಬೆರಳಿಗೆ ಸರಿಯಿತು.

ಬೋರ್ಡ್ ತೆಗೆದರೆ ಒಳಗೆ ಒಂದು ಸಂಸಾರವೇ ಇತ್ತು. ಒಣಗಿದ ಹಲ್ಲಿ, ಇಪ್ಪತ್ತೈದು ಪೈಸೆಯ ಒಂದು ನಾಣ್ಯ, ಮತ್ತೆ ಸಾಲಾಗಿ ಕಣಜದ ಹುಳದ ಮಣ್ಣಿನ ಗೂಡುಗಳು. ಈ ಗೂಡುಗಳನ್ನು ನೋಡಿದ ಮೇಲೆ ಬಾಗಿಲು ಕೆಳಗಿನಿಂದ ಯಾಕೆ ಕೊಳೆತಿದೆ ಅಂತ ಗೊತ್ತಾಯಿತು. ಗಾಜಿನ ಸಂದಿಯಿಂದ ಮಳೆನೀರು ಬಾಗಿಲೊಳಗೆ ಇಳಿಯುವುದು ಸಹಜ. ಅದು ಹೋಗಲಿ ಅಂತಲೇ ಅಡಿಯಲ್ಲಿ ತೂತು ಬಿಟ್ಟಿರುತ್ತಾರೆ. ಹುಳ ಆ ತೂತುಗಳನ್ನೇ ನೋಡಿ ಮನೆ ಕಟ್ಟಿತ್ತು. ನೀರು ಒಳಗೇ ನಿಂತಿತ್ತು, ವರ್ಷಗಟ್ಟಲೆ. ನಿಮ್ಮ ಗಾಡಿ ಯಾವುದೇ ಇರಲಿ, ಬಾಗಿಲಿನ ಅಡಿಯ ತೂತಿಗೆ ವರ್ಷಕ್ಕೊಮ್ಮೆ ಒಂದು ತಂತಿ ಆಡಿಸಿ. ಇದೊಂದು ಉಪದೇಶ ಸಹಿಸಿಕೊಳ್ಳಿ.

ಲಾಕಿನ ನಾಲಿಗೆಯನ್ನು ಎಳೆಯುವ ಸರಳು ತುಕ್ಕಿಗೆ ತುಂಡಾಗಿತ್ತು, ಅಷ್ಟೇ. ಡೀಸೆಲ್ ಸುರಿದು, ಇಕ್ಕಳದಲ್ಲಿ ನಾಲಿಗೆ ಹಿಡಿದು ಎಳೆದೆ. ಆರೇಳು ಸಲ ಎಳೆದ ಮೇಲೆ ಬಾಗಿಲು ಕಿರ್ರೆಂದು ಒಂದು ಗೇಣು ತೆರೆಯಿತು. ಒಳಗಿನಿಂದ ಹೆಂಡತಿ ಬಂದು ನೋಡಿ, 'ತಗದ್ರೀ?' ಅಂದಳು. ಅವಳ ದನಿಯಲ್ಲಿ ನಂಬಿಕೆ ಇರಲಿಲ್ಲ.

ಎರಡನೆಯ ಮುಂಜಾನೆ ನಾನು ಮಾಡಿದ್ದನ್ನು ಹೇಳಲು ನಾಚಿಕೆಯಾಗುತ್ತದೆ. ಬೈಕಿನ ಕಿಟ್ಟಿನಲ್ಲಿದ್ದ ಪೇಚ್‌ಕಸ್, ಅಂದರೆ ಸ್ಕ್ರೂಡ್ರೈವರ್, ತಂದು, ಮೇಲಿನ ಕಬ್ಜಾದ ಮೊದಲ ಸ್ಕ್ರೂಗೆ ಇಟ್ಟು ಪೂರ್ತಿ ಜೋರು ಹಾಕಿ ತಿರುಗಿಸಿದೆ. ಚಕ್ ಅಂತ ಜಾರಿತು. ಇನ್ನೂ ಜೋರು ಹಾಕಿದೆ. ಮತ್ತೆ ಜಾರಿತು. ನಾಲ್ಕನೆಯ ಸಲಕ್ಕೆ ಸ್ಕ್ರೂ ತಲೆಯ ಪ್ಲಸ್ ಆಕಾರದ ಕೂಡುಗೆರೆ ಕರಗಿ ಗುಂಡಗಿನ ಗುಳಿಯಾಯಿತು. ಆಗಲಾದರೂ ನಿಲ್ಲಿಸಬೇಕಲ್ವಾ? ಇಲ್ಲ. ಎರಡನೆಯ ಸ್ಕ್ರೂಗೆ ಹೋಗಿ ಅದನ್ನೂ ಹಾಳು ಮಾಡಿದೆ.

ಆ ಸ್ಕ್ರೂಗಳಿಗೆ ಬೇಕಾದದ್ದು ಮೂರನೇ ನಂಬರಿನ ಬಿಟ್ಟು, ಅಂದರೆ ಪೇಚ್‌ಕಸ್ಸಿನ ತುದಿ. ನನ್ನ ಕೈಯಲ್ಲಿದ್ದದ್ದು ಎರಡನೆಯದು. ಮನೆಯಲ್ಲಿ, ಬೈಕಿನಲ್ಲಿ, ಸ್ವಿಚ್ ಬೋರ್ಡಿನಲ್ಲಿ ಎಲ್ಲ ಕಡೆ ಎರಡನೆಯದೇ ನಡೆಯುವುದರಿಂದ ಮೂರು ಅಂತ ಒಂದಿದೆ ಅನ್ನುವುದೇ ನೆನಪಿರಲಿಲ್ಲ. ಅದು ಇಲ್ಲೂ ಕೂರುತ್ತದೆ, ಕೂತಂತೆ ಕಾಣುತ್ತದೆ, ಆದರೆ ತುದಿಯಲ್ಲಷ್ಟೇ ಹಿಡಿದಿರುತ್ತದೆ. ಫಿಲಿಪ್ಸ್ ಅನ್ನುವ ಈ ಜಾತಿಯ ಕೂಡುಗೆರೆಯ ಗೋಡೆಗಳು ಇಳಿಜಾರು. ಜೋರು ಹೆಚ್ಚಾದಂತೆ ಪೇಚ್‌ಕಸ್ ತಾನಾಗಿಯೇ ಮೇಲೆದ್ದು ಜಾರುತ್ತದೆ, ಜಾರುವಾಗ ಗೋಡೆಯನ್ನೂ ಕೆತ್ತಿಕೊಂಡು ಹೋಗುತ್ತದೆ. ಜಂಗು ಹಿಡಿದ ಸ್ಕ್ರೂವನ್ನು ಬಿಡಿಸಲಾಗದಂತೆ ಮಾಡಿದ್ದು ಜಂಗಲ್ಲ, ನಾನು.

ಸಿಟ್ಟಿನಲ್ಲಿ ಸುತ್ತಿಗೆ ತಗೊಂಡು ಕಬ್ಜಾಕ್ಕೆ ನಾಲ್ಕು ಹೊಡೆದೆ. ಸದ್ದು ಕೇಳಿ ಎದುರು ಮನೆಯ ಹಿರಿಯರು ಹೊರಗೆ ಬಂದರು. ಅವರು ಬಿದ್ರಿ ಕೆಲಸದವರು. ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ದು, ಅದರ ಮೇಲೆ ಉಳಿಯಿಂದ ಗೆರೆ ಕೊರೆದು, ಗೆರೆಯಲ್ಲಿ ಬೆಳ್ಳಿ ತಂತಿ ತಟ್ಟಿ ಕೂರಿಸುತ್ತಾರೆ. ಆಮೇಲೆ ಕೋಟೆಯ ಮಣ್ಣು ಮತ್ತು ನವಸಾಗರ ಸೇರಿಸಿದ ನೀರಿನಲ್ಲಿ ಕಪ್ಪು ಮಾಡುತ್ತಾರೆ. ಐವತ್ತು ವರ್ಷದಿಂದ ಲೋಹಕ್ಕೆ ಸುತ್ತಿಗೆ ಹೊಡೆಯುತ್ತಿರುವ ಕೈ. ಸ್ವಲ್ಪ ಹೊತ್ತು ನಿಂತು ನೋಡಿದರು.

'ಯಾರ್ ಮ್ಯಾಲ ಸಿಟ್ಟದರೀ?' ಅಂದರು.

ಸ್ಕ್ರೂ ತೋರಿಸಿದೆ. ಕನ್ನಡಕ ಏರಿಸಿ ಬಗ್ಗಿ ನೋಡಿದರು. 'ಚೂಡಿ ಒಳಗ ಜಂಗ್ ಇರಲ್ಲ. ಇರ್ತದ, ಜರಾ ಇರ್ತದ. ಖರೇ ಹಿಡದದ್ದು ಇಲ್ಲಿ' ಅಂತ ಸ್ಕ್ರೂ ತಲೆಯ ಸುತ್ತ ಉಗುರಲ್ಲಿ ಗೆರೆ ಎಳೆದರು.

ನಾಲ್ಕು ದಿನದಲ್ಲಿ ನಾನು ಕಲಿತ ಒಂದೇ ದೊಡ್ಡ ವಿಷಯ ಇದು. ಕಬ್ಜಾದ ಸ್ಕ್ರೂವಿನ ತಲೆ ಅಡಿಯಲ್ಲಿ ಚಪ್ಪಟೆ ಅಲ್ಲ, ಲಾಳಿಕೆಯ ಆಕಾರ. ತಗಡಿನ ಮಟ್ಟಕ್ಕೆ ಕೂರಲಿ ಅಂತ ಕಬ್ಜಾದ ತೂತನ್ನೂ ಲಾಳಿಕೆಯಂತೆ ಕೊರೆದಿರುತ್ತಾರೆ. ಲಾಳಿಕೆಯೊಳಗೆ ಲಾಳಿಕೆ ಬಿಗಿಯಾಗಿ ಕೂತಿರುತ್ತದೆ. ಮಳೆನೀರು ಮೊದಲು ಇಳಿಯುವುದು ಆ ಸಂದಿಗೆ. ತುಕ್ಕಾದ ಕಬ್ಬಿಣಕ್ಕೆ ಮೊದಲಿಗಿಂತ ಜಾಸ್ತಿ ಜಾಗ ಬೇಕು. ಜಾಗ ಇಲ್ಲದ ಕಡೆ ಅದು ಬೆಣೆಯಂತೆ ಒತ್ತುತ್ತದೆ. ನಾವು ಚೂಡಿ, ಅಂದರೆ ಥ್ರೆಡ್, ಹಿಡಿದಿದೆ ಅಂದುಕೊಂಡು ಹಿಂದಿನಿಂದ ಎಣ್ಣೆ ಹಾಕಲು ಒದ್ದಾಡುತ್ತೇವೆ. ಹಿಡಿದುಕೊಂಡಿರುವುದು ಕಣ್ಣ ಮುಂದಿನ ತಲೆ.

ಆ ಬೆಣೆ ಸಡಿಲಾಗಬೇಕಾದರೆ ತಿರುಗಿಸುವುದಲ್ಲ, ನೇರ ಒಳಕ್ಕೆ ಹೊಡೆಯಬೇಕು. ಪೆಟ್ಟಿಗೆ ತುಕ್ಕಿನ ಪದರ ಪುಡಿಯಾಗುತ್ತದೆ. ಕೇಳಿದರೆ ತಲೆಕೆಳಗು ಅನ್ನಿಸುತ್ತದೆ, ಹೊರಗೆ ಬರಬೇಕಾದದ್ದನ್ನು ಒಳಗೆ ಹೊಡೆಯುವುದೇ ಅಂತ. ಆದರೆ ಕೆಲಸ ಮಾಡಿದ್ದು ಅದೇ.

ಹಾಳಾದ ಎರಡು ತಲೆಗಳಿಗೆ ಅವರು ಉಳಿಯ ದಾರಿ ಹೇಳಿದರು. ತಲೆಯ ಅಂಚಿಗೆ ಸ್ವಲ್ಪ ಒಳಗೆ ಉಳಿ ನೆಟ್ಟಗೆ ಇಟ್ಟು ಒಂದು ಕಚ್ಚು ಮಾಡಿಕೊಳ್ಳಬೇಕು. ಆಮೇಲೆ ಉಳಿಯನ್ನು ಮಲಗಿಸಿ, ಆ ಕಚ್ಚಿಗೆ ಇಟ್ಟು, ಗಡಿಯಾರದ ಮುಳ್ಳಿಗೆ ಎದುರಾಗಿ ಸಣ್ಣ ಸಣ್ಣ ಪೆಟ್ಟು. 'ಸಣ್ಣ ಪೆಟ್ಟು, ಜಾಸ್ತಿ ಪೆಟ್ಟು' ಅಂದರು. ನಿಮ್ಮ ಉಳಿ ಕೊಡ್ತೀರಾ ಅಂತ ಕೇಳಿಯೇ ಬಿಟ್ಟೆ. 'ಜಸ್ತಾ ಕೊರಿಯೋ ಉಳಿ ನಿಮ್ ಉಕ್ಕಿಗಿ ಕೊಡ್ಲಿ? ಬಜಾರದಾಗ ಸಿಗ್ತದ, ತರ್ರಿ' ಅಂತ ನಕ್ಕು ಒಳಗೆ ಹೋದರು. ಜಸ್ತಾ ಅಂದರೆ ಸತು.

ಅವತ್ತು ಸಂಜೆ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಒಂದು ಉಳಿ, ಮೂರನೇ ನಂಬರಿನ ಬಿಟ್ಟುಗಳು, 550 ರೂಪಾಯಿಯ ಒಂದು ಇಂಪ್ಯಾಕ್ಟ್ ಡ್ರೈವರ್ ತಂದೆ. ಕರೆಂಟಿನದಲ್ಲ, ಕೈಯದು. ನೋಡಲು ದಪ್ಪ ಪೇಚ್‌ಕಸ್ ಇದ್ದಂತೆ. ಹಿಂದಿನಿಂದ ಸುತ್ತಿಗೆಯಲ್ಲಿ ಹೊಡೆದರೆ ತುದಿ ಒಳಕ್ಕೂ ಒತ್ತುತ್ತದೆ, ಅದೇ ಕ್ಷಣ ತುಸು ತಿರುಗುತ್ತದೆ ಕೂಡ. ಬಿಟ್ಟು ಜಾರಲು ಅವಕಾಶ ತೀರಾ ಕಡಿಮೆ, ಏಕೆಂದರೆ ತಿರುಗುವಾಗ ಸುತ್ತಿಗೆಯ ಪೆಟ್ಟೇ ಅದನ್ನು ಒತ್ತಿ ಹಿಡಿದಿರುತ್ತದೆ. ಹನ್ನೆರಡೂ ಸ್ಕ್ರೂಗಳ ತಲೆಯ ಕೂಡುಗೆರೆಯಲ್ಲಿದ್ದ ಬಣ್ಣವನ್ನು ಸೂಜಿಯಿಂದ ಕೆರೆದು ತೆಗೆದೆ. ಇದನ್ನು ಬಿಟ್ಟರೆ ಎಂಥ ಬಿಟ್ಟೂ ಪೂರ್ತಿ ಕೂರುವುದಿಲ್ಲ. ತಲೆಯ ಸುತ್ತ ಜಂಗು ಬಿಡಿಸುವ ಎಣ್ಣೆ ಬಿಟ್ಟು ಮಲಗಿದೆ. ಅಸಿಟೋನ್ ಮತ್ತು ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ (ಎಟಿಎಫ್) ಸಮಸಮ ಬೆರೆಸುವ ಮನೆಮದ್ದೂ ಇದೆ. ನಾನು ಡಬ್ಬಿಯದೇ ಹಾಕಿದೆ.

ಮೂರನೆಯ ಮುಂಜಾನೆ ಇಂಪ್ಯಾಕ್ಟ್ ಡ್ರೈವರ್ ಇಟ್ಟು ಒಂದು ಕಿಲೋ ಸುತ್ತಿಗೆಯಿಂದ ಹೊಡೆದೆ. ಒಂದು. ಎರಡು. ಮೂರು. ಏನೂ ಇಲ್ಲ. ನಾಲ್ಕನೆಯದಕ್ಕೆ ಮೊದಲು ಯಾಕೋ ಅನುಮಾನ ಬಂದು ಡ್ರೈವರಿನ ಕತ್ತು ತಿರುಗಿಸಿ ನೋಡಿದೆ. ಅದು ಬಿಗಿಮಾಡುವ ಕಡೆಗೆ ಇತ್ತು! ಮೂರು ಪೆಟ್ಟು ಕೊಟ್ಟು ಮೂವತ್ತು ವರ್ಷದ ಸ್ಕ್ರೂವನ್ನು ಇನ್ನಷ್ಟು ಬಿಗಿ ಮಾಡುತ್ತಿದ್ದೆ. ಸುತ್ತ ಯಾರಾದರೂ ನೋಡಿದರಾ ಅಂತ ನೋಡಿಕೊಂಡೆ. ಯಾರೂ ಇರಲಿಲ್ಲ. ಕತ್ತು ತಿರುಗಿಸಿ, ಕೈಯಿಂದ ಎಡಕ್ಕೆ ಒತ್ತಿ ಹಿಡಿದು, ಮತ್ತೆ ಹೊಡೆದೆ.

ಬಿಟ್ಟುಕೊಡುವಾಗ ಸದ್ದು ಬದಲಾಗುತ್ತದೆ. ಹಿಡಿದಿರುವ ತನಕ ಠಣ್ ಠಣ್ ಅಂತ ಇಡೀ ಬಾಡಿ ಮೊಳಗುತ್ತದೆ. ಸಡಿಲಾದ ಪೆಟ್ಟಿಗೆ ಟಪ್ ಅಂತ ಮಂದವಾದ ಸದ್ದು. ಅದು ಕೇಳಿದ ಮೇಲೆ ಮಾಮೂಲಿ ಪೇಚ್‌ಕಸ್ಸಿನಿಂದ ಬಿಚ್ಚಬಹುದು. ಪೂರ್ತಿ ಬಿಚ್ಚದೆ ಅರ್ಧ ಸುತ್ತು ಹೊರಕ್ಕೆ, ಕಾಲು ಸುತ್ತು ಒಳಕ್ಕೆ, ಮಧ್ಯೆ ಒಂದು ಹನಿ ಎಣ್ಣೆ. ಒಂಬತ್ತು ಗಂಟೆಯೊಳಗೆ ಎರಡೂ ಬಾಗಿಲು ಸೇರಿ ಆರು ಸ್ಕ್ರೂ ಸಡಿಲಾದವು. ಹಾಳಾದ ಎರಡರಲ್ಲಿ ಒಂದು ಉಳಿಗೆ ಬಂತು. ಇಪ್ಪತ್ತು ನಿಮಿಷ, ಅದೂ ಹೆಬ್ಬೆರಳಿಗೆ ಎರಡು ಪೆಟ್ಟು ಬಿದ್ದ ಮೇಲೆ.

ಮೂರು ಸ್ಕ್ರೂಗಳು ಇಂಪ್ಯಾಕ್ಟಿಗೂ ಜಗ್ಗಲಿಲ್ಲ. ಅವಕ್ಕೆ ಬಿಸಿ ಬೇಕು. ಗೆಳೆಯನ ಹತ್ತಿರ ಗ್ಯಾಸ್ ಟಾರ್ಚ್ ಇತ್ತು, ತರಲು ಹೊರಟಿದ್ದೆ. ಆಮೇಲೆ ನಿಂತು ಯೋಚನೆ ಮಾಡಿದೆ. ಡೀಸೆಲ್ ಟ್ಯಾಂಕ್ ಇರುವುದು ಡ್ರೈವರ್ ಸೀಟಿನ ಕೆಳಗೆ, ಕಬ್ಜಾದಿಂದ ಎರಡು ಮೊಳ. ಎರಡು ದಿನದಿಂದ ಸುತ್ತಮುತ್ತ ಸಿಂಪಡಿಸಿದ ಎಣ್ಣೆ ಬೇರೆ. ಟಾರ್ಚ್ ಬೇಡ ಅಂತ ಟಿವಿ ರಿಪೇರಿಯವನ ಹತ್ತಿರ ದಪ್ಪ ಸೋಲ್ಡರಿಂಗ್ ಐರನ್ ಇಸಿದುಕೊಂಡು ಬಂದೆ. ಎಣ್ಣೆಯೆಲ್ಲ ಬಟ್ಟೆಯಲ್ಲಿ ಒರೆಸಿ, ಅದರ ಮೂತಿಯನ್ನು ಸ್ಕ್ರೂ ತಲೆಗೆ ಐದು ನಿಮಿಷ ಒತ್ತಿ ಹಿಡಿದೆ. ಬೆಂಕಿಯಿಲ್ಲ, ಬಣ್ಣ ಸುಡುವುದಿಲ್ಲ, ಬಿಸಿ ಬೇಕಾದಲ್ಲಿಗೇ ಹೋಗುತ್ತದೆ. ಕಬ್ಬಿಣ ಹಿಗ್ಗುವುದು ಕೂದಲೆಳೆಗಿಂತಲೂ ಕಡಿಮೆ. ಹಿಗ್ಗಿ ಮತ್ತೆ ಕುಗ್ಗುವಾಗ ತುಕ್ಕು ಬಿರುಕು ಬಿಡುತ್ತದೆ, ಆ ಬಿರುಕಿಗೆ ಎಣ್ಣೆ ಇಳಿಯುತ್ತದೆ. ತಣ್ಣಗಾದ ಮೇಲೆ ಎಣ್ಣೆ ಬಿಟ್ಟು ಮತ್ತೆ ಇಂಪ್ಯಾಕ್ಟ್ ಹೊಡೆದೆ. ಮೂರರಲ್ಲಿ ಎರಡು ಬಂದವು. ಮೂರನೆಯದು ನಾಲ್ಕನೇ ದಿನ ಇನ್ನೊಂದು ಸಲ ಕಾಯಿಸಿದ ಮೇಲೆ ಬಂತು.

ಉಳಿದದ್ದು ಎರಡು. ಒಂದು, ನಾನು ಹಾಳು ಮಾಡಿದ ಮೊಟ್ಟಮೊದಲನೆಯದು. ಇನ್ನೊಂದು ಬಲ ಬಾಗಿಲಿನ ಕೆಳಗಿನ ಕಬ್ಜಾದ್ದು. ಇದು ಬೇರೆಯೇ ಜಾತಿ. ಆರಾಮಾಗಿ ತಿರುಗುತ್ತದೆ, ಎಷ್ಟು ತಿರುಗಿಸಿದರೂ ಹೊರಗೆ ಬರುವುದಿಲ್ಲ. ಬಾಗಿಲು ಕೂರುವ ಕಂಬದೊಳಗೆ ಶೆಡ್ಡಿನವನು ಚೂಡಿ ಹಾಕಿದ ಪಟ್ಟಿಗಳನ್ನು ವೆಲ್ಡ್ ಮಾಡಿದ್ದ. ಈ ಸ್ಕ್ರೂಗೆ ಮಾತ್ರ ಪಟ್ಟಿ ಸಾಲದೆ ಒಂದು ಬಿಡಿ ನಟ್ಟು ಅಂಟಿಸಿದ್ದ ಅಂತ ಕಾಣುತ್ತದೆ. ಆ ವೆಲ್ಡ್ ಬಿಟ್ಟು ನಟ್ಟೂ ಸ್ಕ್ರೂ ಜೊತೆಗೇ ತಿರುಗುತ್ತಿತ್ತು. ಕೈ ಹೋಗದ ಜಾಗ. ಕಬ್ಜಾದ ಹಿಂದೆ ಚಪ್ಪಟೆ ಸರಳು ತೂರಿಸಿ ಹೊರಕ್ಕೆ ಮೀಟಿದೆ, ನಟ್ಟು ಕಂಬದ ಗೋಡೆಗೆ ಒತ್ತಿಕೊಳ್ಳಲಿ ಅಂತ. ಹೆಂಡತಿಯನ್ನು ಕರೆದು ಸರಳು ಹಿಡಿಸಿದೆ, ನಾನು ತಿರುಗಿಸಿದೆ. 'ಹತ್ತು ತಿಂಗಳು ಜಿಗಿದಾಕಿ ನಾನೇ, ಈಗ ಹಿಡಿಯಾಕಿನೂ ನಾನೇ' ಅಂದಳು. ನಾನು ಬಾಯಿ ಮುಚ್ಚಿಕೊಂಡು ತಿರುಗಿಸಿದೆ. ಬಂತು. ನಟ್ಟು ಕಂಬದೊಳಗೆ ಎಲ್ಲೋ ಟಣ್ ಅಂತ ಬಿತ್ತು. ಈಗಲೂ ಬ್ರೇಕ್ ಹಾಕಿದಾಗ ಅದರ ಸದ್ದು ಕೇಳುತ್ತದೆ.

ಆ ಮೊದಲನೆಯದಕ್ಕೆ ಡ್ರಿಲ್ ಹಿಡಿಯದೆ ಗತಿಯಿರಲಿಲ್ಲ. ಮುರಿದ ಸ್ಕ್ರೂ ತೆಗೆಯುವ ಎಡಚೂಡಿಯ ಕಡ್ಡಿ ಸಿಗುತ್ತದೆ. ಅಂಗಡಿಯವನು ಅದನ್ನೂ ತೋರಿಸಿದ್ದ. ನಾನು ತರಲಿಲ್ಲ. ಅದು ಗಡುಸು ಉಕ್ಕು, ಒಳಗೆ ಮುರಿದರೆ ಮಾಮೂಲಿ ಡ್ರಿಲ್ ಬಿಟ್ಟು ಅದರ ಮೇಲೆ ಉರುಳಾಡುತ್ತದೆ, ಕೊರೆಯುವುದಿಲ್ಲ. ಬದಲಿಗೆ ತಲೆಯನ್ನಷ್ಟೇ ಹಾರಿಸೋಣ ಅಂದುಕೊಂಡೆ. ತಲೆಯ ನಡುವೆ ಪಂಚಿನಿಂದ ಗುರುತು ಮಾಡಿ, ಮೊದಲು ಮೂರು ಮಿಲಿಮೀಟರಿನ ಬಿಟ್ಟು, ಆಮೇಲೆ ಐದು, ಆಮೇಲೆ ಆರೂವರೆ. ಸ್ಕ್ರೂ ಆರು ಮಿಲಿಮೀಟರಿನದು, ಹಾಗಾಗಿ ಅದಕ್ಕಿಂತ ತುಸು ದಪ್ಪದ ಬಿಟ್ಟು ತಲೆಯ ಆಳಕ್ಕೆ ಇಳಿದರೆ ತಲೆ ಬಳೆಯಂತೆ ಕಳಚಿಕೊಳ್ಳಬೇಕು. ನಿಧಾನಕ್ಕೆ, ಎಣ್ಣೆ ಬಿಡುತ್ತಾ ಕೊರೆದೆ. ಜೋರಾಗಿ ಓಡಿಸಿದರೆ ಬಿಟ್ಟು ನೀಲಿಯಾಗಿ ಸತ್ತುಹೋಗುತ್ತದೆ.

ಅಷ್ಟರಲ್ಲಿ ಮಿಕ್ಕ ಸ್ಕ್ರೂಗಳೆಲ್ಲ ಹೊರಗಿದ್ದವು. ಬಾಗಿಲಿನ ಭಾರ ಬೀಳದಿರಲಿ ಅಂತ ಕೆಳಗೆ ಹಳೆಯ ಟೈರು, ಅದರ ಮೇಲೆ ಅರ್ಧ ಚೀಲ ಸೋಯಾ ಇಟ್ಟಿದ್ದೆ. ತಲೆ ಡ್ರಿಲ್ಲಿಗೆ ಸುತ್ತಿಕೊಂಡು ಹೊರಬಂತು. ಕಬ್ಜಾ ಕಂಬದಿಂದ ಸರಿಯಿತು. ಕಂಬದಲ್ಲಿ ಸ್ಕ್ರೂವಿನ ತುಂಡು ತುಸು ಹೊರಗೆ ಚಾಚಿ ನಿಂತಿತ್ತು. ಇಕ್ಕಳಕ್ಕೆ ಕೈ ಹಾಕುವ ಮುಂಚೆ, ಸುಮ್ನೆ, ಎರಡು ಬೆರಳಲ್ಲಿ ಹಿಡಿದು ತಿರುಗಿಸಿದೆ.

ತಿರುಗಿತು! ಯಾವ ಜೋರೂ ಇಲ್ಲದೆ, ಬಾಟಲಿಯ ಮುಚ್ಚಳದಂತೆ. ಎರಡು ದಿನ ನನ್ನ ಜೀವ ತಿಂದ ಸ್ಕ್ರೂವಿನ ಚೂಡಿಯಲ್ಲಿ ಹಳೆಯ ಗ್ರೀಸ್ ಇನ್ನೂ ಹಸಿಯಾಗಿತ್ತು. ಅದನ್ನು ತಗೊಂಡು ಹೋಗಿ ಎದುರು ಮನೆಯವರ ಕೈಗೆ ಕೊಟ್ಟೆ. ಅವರು ತಿರುಗಿಸಿ ನೋಡಿ, 'ನಾ ಏನ್ ಹೇಳ್ದಾ?' ಅಂತ ವಾಪಸ್ ಕೊಟ್ಟರು.

ಬಲ ಬಾಗಿಲಿನ ಕಬ್ಜಾದ ಪಿನ್ನುಗಳ ಕಥೆ ಚಿಕ್ಕದು. ಬಾಗಿಲು ಜೋತು ಬಿದ್ದದ್ದು ಅವು ಸವೆದು. ಮೇಲಿನಿಂದ ಸುತ್ತಿಗೆ ಹೊಡೆದರೆ ಪಿನ್ನಿನ ತಲೆ ಅಣಬೆಯಂತೆ ಹರಡಿಕೊಳ್ಳುತ್ತದೆ, ಆಮೇಲೆ ತೂತಿನಿಂದ ಬರುವುದೇ ಇಲ್ಲ. ಪಿನ್ನಿನ ಮೇಲ್ತುದಿಯಲ್ಲಿ ಹಲ್ಲಿನಂಥ ಗೀರುಗಳಿದ್ದವು. ಹಾಗಾದರೆ ಮೇಲಿನಿಂದ ಕೂರಿಸಿದ್ದು, ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಬಾಗಿಲು ನೆಲದ ಮೇಲಿದ್ದರಿಂದ ಸಿ-ಕ್ಲಾಂಪ್ ಹಾಕಲು ಜಾಗ ಸಿಕ್ಕಿತು. ಒಂದು ಕಡೆ ಪಿನ್ನಿಗಿಂತ ಸಣ್ಣ ಬೋಲ್ಟು, ಇನ್ನೊಂದು ಕಡೆ ಪಿನ್ನು ಹೊಕ್ಕುವಷ್ಟು ದೊಡ್ಡ ಸಾಕೆಟ್ಟು. ಕ್ಲಾಂಪ್ ಬಿಗಿಮಾಡುತ್ತಾ ಹೋದರೆ ಪಿನ್ನು ಸಾಕೆಟ್ಟಿನೊಳಗೆ ಬಂದು ಬಿತ್ತು. ಸುತ್ತಿಗೆಯ ಸದ್ದೇ ಇಲ್ಲ. ಇಂಥ ಕೆಲಸ ಎಲ್ಲಕ್ಕಿಂತ ಖುಷಿ ಕೊಡುತ್ತದೆ.

ನಾಲ್ಕನೇ ದಿನ ಒಂಬತ್ತೂವರೆಗೆ ಎರಡೂ ಬಾಗಿಲು ಜೀಪಿನ ಹಿಂದೆ ಮಲಗಿದ್ದವು, ಗೋಣಿಚೀಲದ ಮೇಲೆ. ಸ್ಕ್ರೂಗಳನ್ನು ಹಳೆಯ ಉಪ್ಪಿನಕಾಯಿ ಡಬ್ಬಿಗೆ ಹಾಕಿದ್ದೆ. ಅವು ಮತ್ತೆ ಬಳಸಲಿಕ್ಕಲ್ಲ, ಅಳತೆ ತೋರಿಸಿ ಹೊಸದು ತರಲು. ವೆಲ್ಡಿಂಗ್ ಅಂಗಡಿ ನೌಬಾದ್ ಕಡೆ. ಹೆಂಡತಿಗೂ ಆ ಕಡೆ ಕೆಲಸ ಇತ್ತು, ಬರ್ತೀನಿ ಅಂದಳು.

ನಾನು ಕೀಲಿ ಹುಡುಕುತ್ತಾ ನಿಂತಿದ್ದೆ. ಎಡಗಡೆ ಪೂರ್ತಿ ಬಯಲು, ಬಾಗಿಲೇ ಇಲ್ಲ. ಅವಳು ಜೀಪಿನ ಮುಂದಿನಿಂದ ಸುತ್ತಿ ಬಂದು, ರೂಢಿಯಂತೆ ಬಲಗಡೆಯಿಂದ ಹತ್ತಿ, ಸೆರಗು ಎತ್ತಿಕೊಂಡು ಗೇರ್ ಲಿವರ್ ದಾಟಿದಳು. ಫೋರ್ ವೀಲ್ ಲಿವರ್ ಮೇಲೆ ಒಂದು ಕಾಲು ಇಟ್ಟಾಗ ನಿಂತಳು. ಎಡಗಡೆ ನೋಡಿದಳು, ನನ್ನ ಕಡೆ ನೋಡಿದಳು.

'ನಗಬ್ಯಾಡ್ರಿ' ಅಂದಳು.